ಮೊದಲು ಕೆಲಸ, ಆಮೇಲೆ ಆಯ್ಕೆ

(ಟ್ರಸ್ಟಿನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಶಿಕ್ಷಣ ಸಮಿತಿಯ ಪರವಾಗಿ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಈ ಸಲದ ವಿದ್ಯಾರ್ಥಿವೇತನ ಪ್ರಕಟಣೆಯಲ್ಲಿ ಒಂದು ಹೊಸ ಸಾಲು ಸೇರಿರುವುದನ್ನು ನೀವು ನೋಡಿರಬಹುದು. ಕಾಲೇಜು ಫೀಸು, ಹಾಸ್ಟೆಲ್, ಪುಸ್ತಕ ಇವುಗಳ ಕೆಳಗೆ "ಓಪನ್ ಸೋರ್ಸ್ ಇಂಟರ್ನ್‌ಶಿಪ್ ತಯಾರಿ ನೆರವು" ಎಂದು ಹಾಕಿದ್ದೇವೆ. ಪ್ರಕಟಣೆ ಹೊರಟ ದಿನದಿಂದ ಕಚೇರಿಗೆ ಫೋನು ಬರುತ್ತಿದೆ. ಹಾಗೆಂದರೇನು, ಯಾರಿಗೆ, ಅದಕ್ಕೆ ಟ್ರಸ್ಟಿನ ಹಣ ಯಾಕೆ ಎಂದು ಕೇಳುತ್ತಿದ್ದಾರೆ. ಉತ್ತರ ಹೇಳುವ ಕೆಲಸವನ್ನು ಸಮಿತಿಯವರು ನಮ್ಮ ತಲೆಗೆ ಕಟ್ಟಿದ್ದಾರೆ. ಕನ್ನಡ ಮತ್ತು ಸಮಾಜ ಪಾಠ ಹೇಳಿಕೊಂಡು ನಿವೃತ್ತರಾದವರು ನಾವು. ಕಂಪ್ಯೂಟರ್ ನಮ್ಮ ವಿಷಯವಲ್ಲ. ಆದರೆ ನಮ್ಮ ಮಕ್ಕಳ ಪಕ್ಕದಲ್ಲಿ ಕುಳಿತು ನೋಡಿದ್ದೇವೆ, ನೋಡಿದ್ದನ್ನು ಹೇಳಬಲ್ಲೆವು.

2024ರಲ್ಲಿ ನಮ್ಮ ವಿದ್ಯಾರ್ಥಿವೇತನದಲ್ಲಿ ಓದುತ್ತಿದ್ದ ಒಬ್ಬ ಹುಡುಗಿಗೆ ಔಟ್‌ರೀಚಿ ಎಂಬ ಇಂಟರ್ನ್‌ಶಿಪ್ ಸಿಕ್ಕಿತು. ಮೂರು ತಿಂಗಳು ಮನೆಯಲ್ಲೇ ಕುಳಿತು ಮಾಡುವ ಕೆಲಸ. ಅದಕ್ಕೆ ಕೊಡುವ ಗೌರವಧನ 7,000 ಅಮೆರಿಕನ್ ಡಾಲರ್, ಆಗಿನ ದರದಲ್ಲಿ 5.5 ಲಕ್ಷ ರೂಪಾಯಿಗೂ ಮೇಲೆ. ಮಗು ಸರಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಸಿಎ ಓದುತ್ತಿದ್ದವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಬಾಪ ಬೇರೆ ಊರಿನಲ್ಲಿ ಬೇಕರಿಯಲ್ಲಿ ಕೆಲಸಕ್ಕಿದ್ದಾರೆ, ಉಮ್ಮ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಸುದ್ದಿ ಹರಡಿದ ಕೂಡಲೇ ಊರಿನವರು ಕೇಳಿದ ಮೊದಲ ಪ್ರಶ್ನೆ, "ಯಾರ ವಶೀಲಿ?" ಎರಡನೇ ಪ್ರಶ್ನೆ, "ಎಷ್ಟು ಪರ್ಸೆಂಟ್ ಬೇಕು?" ಎರಡಕ್ಕೂ ಉತ್ತರ ಒಂದೇ ಆಗಿದ್ದರಿಂದ ಅವಳಿಗೆ ಹೇಳಲು ಕಷ್ಟವಾಯಿತು. ವಶೀಲಿ ಇಲ್ಲ, ಅಂಕಪಟ್ಟಿಯನ್ನು ಅವರು ನೋಡಿಯೇ ಇಲ್ಲ.

ಹಾಗಾದರೆ ಏನು ನೋಡಿದರು? ಅದನ್ನು ಹೇಳುವ ಮೊದಲು ಓಪನ್ ಸೋರ್ಸ್ ಎಂದರೇನು ಎಂದು ಹೇಳಬೇಕು. ಇಲ್ಲಿ ಕುಳಿತಿರುವ ಮೇಷ್ಟ್ರುಗಳಿಗೆ ಇದು ಬೇಗ ಅರ್ಥವಾಗುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳಿಗಾಗಿ ನಾವೆಲ್ಲ 'ಪಾಸಿಂಗ್ ಪ್ಯಾಕೇಜ್' ಮಾಡುತ್ತಿದ್ದೆವಲ್ಲ? ಒಂದು ಶಾಲೆಯ ಗಣಿತ ಮೇಷ್ಟ್ರು ತಯಾರಿಸಿದ್ದನ್ನು ಇನ್ನೊಂದು ಶಾಲೆಯವರು ತೆಗೆದುಕೊಳ್ಳುತ್ತಿದ್ದರು. ಅದರಲ್ಲಿ ತಪ್ಪಿದ್ದರೆ ತಿದ್ದಿ, ನಾಲ್ಕು ಪ್ರಶ್ನೆ ಸೇರಿಸಿ, ಮತ್ತೆ ಎಲ್ಲರಿಗೂ ಕಳಿಸುತ್ತಿದ್ದರು. ಅದು ಯಾರ ಸ್ವತ್ತೂ ಆಗಿರಲಿಲ್ಲ, ಆದರೆ ಯಾರು ಯಾವ ಅಧ್ಯಾಯ ಬರೆದರು ಎಂಬುದು ಎಲ್ಲರಿಗೂ ಗೊತ್ತಿತ್ತು. ಓಪನ್ ಸೋರ್ಸ್ ತಂತ್ರಾಂಶ ಹಾಗೆಯೇ. ಪ್ರೋಗ್ರಾಮಿನ ಒಳಗಿನ ಬರವಣಿಗೆ ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ಓದಬಹುದು, ಬಳಸಬಹುದು, ತಿದ್ದುಪಡಿ ಸೂಚಿಸಬಹುದು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಹೀಗೆ ಬೆಳೆದದ್ದು. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೆ ಇರುವುದು ಅದೇ ಲಿನಕ್ಸ್. ವಿಡಿಯೊ ನೋಡುವ ವಿಎಲ್‌ಸಿ, ಫೈರ್‌ಫಾಕ್ಸ್, ಲಿಬ್ರೆ ಆಫೀಸ್, 2003ರಿಂದ ಇರುವ ಕನ್ನಡ ವಿಕಿಪೀಡಿಯ ನಡೆಯುವ ಮೀಡಿಯಾವಿಕಿ, ಇವೆಲ್ಲವೂ ಆ ಬಗೆಯವು.

ಈ ಕೆಲಸಕ್ಕೆ ಹೊಸಬರನ್ನು ತರಬೇಕು, ಅವರಿಗೆ ಕಲಿಸಬೇಕು ಎಂದು ಕೆಲವು ಯೋಜನೆಗಳಿವೆ. ಹೆಚ್ಚು ಹೆಸರಾದದ್ದು ಗೂಗಲ್ ಸಮ್ಮರ್ ಆಫ್ ಕೋಡ್. 2005ರಲ್ಲಿ ಆರಂಭವಾಯಿತು. ನಮ್ಮ ದೇಶದ ಮಕ್ಕಳು ಅದರಲ್ಲಿ ಬಹಳ ದೊಡ್ಡ ಸಂಖ್ಯೆಯಲ್ಲಿರುತ್ತಾರೆ. 2022ರಿಂದ ವಿದ್ಯಾರ್ಥಿಗಳೇ ಆಗಬೇಕೆಂದಿಲ್ಲ, 18 ತುಂಬಿದ, ಈ ಕೆಲಸಕ್ಕೆ ಹೊಸಬರಾದ ಯಾರೂ ಅರ್ಜಿ ಹಾಕಬಹುದು. ಅಲ್ಲಿ ಗೌರವಧನ ದೇಶಕ್ಕೊಂದು ದರ, ಕೆಲಸದ ಗಾತ್ರಕ್ಕೊಂದು ದರ. ಔಟ್‌ರೀಚಿ ಅದರ ಪಕ್ಕದಲ್ಲಿ ಹುಟ್ಟಿದ್ದು. ಅದು ಹುಟ್ಟಿದ ಬಗೆಯನ್ನು ದಾನಿಗಳು ಸ್ವಲ್ಪ ಗಮನವಿಟ್ಟು ಕೇಳಬೇಕು.

ಗ್ನೋಮ್ ಎಂಬ ತಂತ್ರಾಂಶ ಸಮುದಾಯಕ್ಕೆ 2006ರಲ್ಲಿ ಗೂಗಲ್ ಸಮ್ಮರ್ ಆಫ್ ಕೋಡ್‌ಗಾಗಿ 181 ಅರ್ಜಿ ಬಂದವು. ಅದರಲ್ಲಿ ಹೆಣ್ಣುಮಕ್ಕಳದು ಒಂದೂ ಇರಲಿಲ್ಲ. "ಅವರಿಗೆ ಆಸಕ್ತಿ ಇಲ್ಲ" ಎಂದು ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಹೆಣ್ಣುಮಕ್ಕಳಿಗೇ ಎಂದು ಒಂದು ಬೇಸಿಗೆ ಯೋಜನೆ ಮಾಡಿ, ಅವರನ್ನೇ ಕರೆದು ಪ್ರಕಟಣೆ ಹೊರಡಿಸಿದರು. ನೂರರಷ್ಟು ಅರ್ಜಿ ಬಂದವು. ಅದೇ ವರ್ಷ, ಅದೇ ಕೆಲಸಕ್ಕೆ. ಆರು ಮಂದಿಯನ್ನು ತೆಗೆದುಕೊಂಡರು. 2010ರಲ್ಲಿ ಅದಕ್ಕೆ ಕ್ರಮಬದ್ಧ ರೂಪ ಬಂತು, ಬೇರೆ ಸಮುದಾಯಗಳೂ ಸೇರಿಕೊಂಡವು, 2015ರಲ್ಲಿ ಔಟ್‌ರೀಚಿ ಎಂಬ ಹೆಸರಿನೊಂದಿಗೆ ಸಾಫ್ಟ್‌ವೇರ್ ಫ್ರೀಡಮ್ ಕನ್ಸರ್ವೆನ್ಸಿ ಎಂಬ ಲಾಭರಹಿತ ಸಂಸ್ಥೆಯ ಅಡಿಗೆ ಬಂತು. ಈಗ ಅದು ಹೆಣ್ಣುಮಕ್ಕಳಿಗೆ ಮಾತ್ರ ಸೀಮಿತವಲ್ಲ. ತಮ್ಮ ದೇಶದ ತಂತ್ರಜ್ಞಾನ ಕ್ಷೇತ್ರದಲ್ಲಿ ಕಡಿಮೆ ಸಂಖ್ಯೆಯಲ್ಲಿರುವವರು, ತಾರತಮ್ಯ ಎದುರಿಸುವವರು ಯಾರೇ ಆಗಲಿ ಅರ್ಜಿ ಹಾಕಬಹುದು. ನಮ್ಮ ಸಮಿತಿಯಲ್ಲಿಯೂ ಪ್ರತಿ ವರ್ಷ "ಇಂಥ ಕೋರ್ಸಿಗೆ ನಮ್ಮ ಮಕ್ಕಳ ಅರ್ಜಿಯೇ ಬರುವುದಿಲ್ಲ" ಎಂಬ ಮಾತು ಬರುತ್ತದೆ. ಆ 181 ಮತ್ತು ನೂರು ಎಂಬ ಎರಡು ಅಂಕಿಗಳನ್ನು ನಾವು ಸಮಿತಿಯ ಕಡತದಲ್ಲಿ ಬರೆದಿಟ್ಟಿದ್ದೇವೆ.

ಈಗ ಆಯ್ಕೆಯ ವಿಷಯಕ್ಕೆ ಬರುತ್ತೇವೆ.

ಔಟ್‌ರೀಚಿಯಲ್ಲಿ ಎರಡು ಮೆಟ್ಟಿಲು. ಮೊದಲನೆಯದು ಪ್ರಾಥಮಿಕ ಅರ್ಜಿ. ಅದರಲ್ಲಿ ಅರ್ಹತೆಯ ವಿವರ, ಕಾಲೇಜಿನ ವೇಳಾಪಟ್ಟಿ, ಜೊತೆಗೆ ಕೆಲವು ಪ್ರಬಂಧಗಳು. ಅದು ಒಪ್ಪಿಗೆಯಾದರೆ ಎರಡನೆಯದು. ಸುಮಾರು ಒಂದು ತಿಂಗಳು, ತಾನು ಆರಿಸಿಕೊಂಡ ಯೋಜನೆಗೆ ನಿಜವಾಗಿ ಕೆಲಸ ಮಾಡಿ ತೋರಿಸಬೇಕು. ಅದಕ್ಕೆ ಕೊಡುಗೆಯ ಅವಧಿ ಎನ್ನುತ್ತಾರೆ. ಮೇ ತಿಂಗಳಲ್ಲಿ ಶುರುವಾಗುವ ಸುತ್ತಿಗೆ ಈ ಅವಧಿ ಸಾಮಾನ್ಯವಾಗಿ ಮಾರ್ಚ್ ಸುಮಾರಿಗೆ ಬರುತ್ತದೆ. ಡಿಸೆಂಬರ್ ಸುತ್ತಿಗೆ ಅಕ್ಟೋಬರ್ ಹೊತ್ತಿಗೆ. ಆ ತಿಂಗಳು ಮಾಡಿದ ಕೆಲಸ ಮತ್ತು ಅಂತಿಮ ಅರ್ಜಿ ನೋಡಿ ಆ ಯೋಜನೆಯ ಮಾರ್ಗದರ್ಶಕರು ಆರಿಸುತ್ತಾರೆ. ಗೂಗಲಿನ ಯೋಜನೆಯಲ್ಲಿ ಲಿಖಿತ ಪ್ರಸ್ತಾವಕ್ಕೆ ಹೆಚ್ಚು ತೂಕ. ಆದರೂ ಅಲ್ಲಿಯೂ ಮೊದಲೇ ಒಂದೆರಡು ಸಣ್ಣ ಕೆಲಸ ಮಾಡಿ ಪರಿಚಯವಾದವರ ಪ್ರಸ್ತಾವವನ್ನೇ ಸಮುದಾಯದವರು ನಂಬುವುದು.

ಇದನ್ನು ನಾವು ಆ ಹುಡುಗಿಯ ಮನೆಯಲ್ಲಿ ಕುಳಿತು ವಿವರಿಸಿದಾಗ ಅವಳ ಉಮ್ಮ ಗೆರಸೆಯಿಂದ ತಲೆ ಎತ್ತದೆ ಕೇಳಿದ್ದು ಇಷ್ಟು: "ಟೀಚರೇ, ಒಂದು ತಿಂಗಳು ಪುಕ್ಕಟೆ ದುಡಿಸಿಕೊಂಡು ಆಮೇಲೆ ಬೇಡ ಅಂದ್ರೆ?"

ಇದು ಬಹಳ ಸರಿಯಾದ ಪ್ರಶ್ನೆ. ಸುಳ್ಳು ಸಮಾಧಾನ ಹೇಳುವಂತಿಲ್ಲ. ಹೌದು, ಬೇಡ ಅನ್ನಬಹುದು. ಒಂದು ಯೋಜನೆಗೆ ಹತ್ತಾರು ಮಂದಿ ಬಂದು ಕೆಲಸ ಮಾಡಿದರೂ ಸ್ಥಾನ ಒಂದೋ ಎರಡೋ. ಉಳಿದವರಿಗೆ ದುಡ್ಡಿಲ್ಲ. ಮಾಡಿದ ಕೆಲಸ ಅವರ ಹೆಸರಿನಲ್ಲಿ ತೆರೆದೇ ಉಳಿಯುತ್ತದೆ, ಮುಂದೆ ಕೆಲಸ ಕೇಳುವಾಗ ತೋರಿಸಬಹುದು ಎಂಬುದು ನಿಜ. ಆದರೆ ಆ ಮಾತಿನಿಂದ ಆ ತಿಂಗಳ ಅಕ್ಕಿ ಬರುವುದಿಲ್ಲ. ಆ ಮನೆಯಲ್ಲಿ ಮಗಳು ದಿನಕ್ಕೆ ಎರಡು ಗಂಟೆ ಉಮ್ಮನ ಜೊತೆ ಎಲೆ ಕತ್ತರಿಸಲು ಕೂರುತ್ತಿದ್ದಳು. ಆ ಎರಡು ಗಂಟೆ ಹೋದರೆ ವಾರದ ಮಜೂರಿ ಇಳಿಯುತ್ತದೆ. ಪೇಟೆಯ ಎಂಜಿನಿಯರಿಂಗ್ ಕಾಲೇಜಿನ ಹುಡುಗನಿಗೆ ಆ ಲೆಕ್ಕ ಇರುವುದಿಲ್ಲ. ಸ್ಪರ್ಧೆ ಎಲ್ಲರಿಗೂ ತೆರೆದಿದೆ ಎನ್ನುವಾಗ ನಾವು ಈ ವ್ಯತ್ಯಾಸವನ್ನು ಮರೆಯಬಾರದು. ನಮ್ಮ ಹೊಸ ನೆರವು ಹುಟ್ಟಿದ್ದು ಈ ಪ್ರಶ್ನೆಯಿಂದಲೇ. ಅದು ಫೀಸಿಗಲ್ಲ, ಆ ಒಂದು ತಿಂಗಳಿಗೆ.

ಆ ಹುಡುಗಿಯ ಮೊದಲ ಪ್ರಯತ್ನ ಮೊದಲ ಮೆಟ್ಟಿಲಲ್ಲೇ ನಿಂತುಹೋಯಿತು. ಪ್ರಬಂಧ ಒಪ್ಪಿಗೆಯಾಗಲಿಲ್ಲ. ಆಕೆ ಬರೆದದ್ದನ್ನು ನಾವು ಆಮೇಲೆ ಓದಿದೆವು. "ಮಹಿಳಾ ಸಬಲೀಕರಣ ಇಂದಿನ ಅಗತ್ಯ" ಎಂಬ ಧಾಟಿಯ ನಾಲ್ಕು ಪ್ಯಾರಾ. ಹೈಸ್ಕೂಲಿನ ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಬರುವಂಥದ್ದು, ಆದರೆ ಅವಳ ವಿಷಯ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಅಲ್ಲಿ ಕೇಳಿದ್ದು, ನಿನ್ನ ದೇಶದ ತಂತ್ರಜ್ಞಾನ ಕ್ಷೇತ್ರದಲ್ಲಿ ನಿನ್ನಂಥವರು ಯಾಕೆ ಕಡಿಮೆ, ನೀನು ಕಲಿಯುವಾಗ ನಿನಗೆ ಏನು ಅಡ್ಡ ಬಂತು ಎಂದು. "ಯಾಕಮ್ಮ ಅದನ್ನು ಬರೆಯಲಿಲ್ಲ?" ಎಂದರೆ ತಲೆ ತಗ್ಗಿಸಿ ಹೇಳಿದಳು, "ಮನೆ ವಿಷಯ ಹೊರಗೆ ಹೇಳುವುದು ಹೇಗೆ ಟೀಚರ್, ಬಾಪನಿಗೆ ಬೇಸರ ಆಗುತ್ತೆ."

ಇಲ್ಲಿ ಕುಳಿತ ಪೋಷಕರಿಗೆ ಈ ಸಂಕೋಚ ಗೊತ್ತು. ನಮ್ಮ ಟ್ರಸ್ಟಿನ ಅರ್ಜಿ ತುಂಬುವಾಗಲೂ ಆದಾಯದ ಕಾಲಂ ಹತ್ತಿರ ಬಂದಾಗ ಎಷ್ಟೋ ಜನರ ಪೆನ್ನು ನಿಲ್ಲುತ್ತದೆ. ಕೈ ಚಾಚಿದ ಹಾಗೆ ಕಾಣಬಾರದು ಎಂಬ ಮರ್ಯಾದೆ ಅದು. ಆದರೆ ಬೇಡುವುದು ಬೇರೆ, ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಬೇರೆ. ನಾವು ಅವಳಿಗೆ ಹೇಳಿದ್ದು ಇಷ್ಟೇ. ವಿಶೇಷಣ ಎಲ್ಲ ತೆಗೆ. 'ಕಡುಬಡತನ', 'ಹೋರಾಟ', 'ಕನಸು' ಯಾವುದೂ ಬೇಡ. ಕಾಲೇಜಿನ ಲ್ಯಾಬಿನಲ್ಲಿ ಒಂದು ಕಂಪ್ಯೂಟರಿಗೆ ಎಷ್ಟು ಮಂದಿ ಕೂರುತ್ತೀರಿ, ಕೀಲಿಮಣೆ ಯಾರ ಕೈಯಲ್ಲಿರುತ್ತದೆ, ಮನೆಯಲ್ಲಿ ಫೋನು ಎಷ್ಟು ಹೊತ್ತಿಗೆ ನಿನ್ನ ಕೈಗೆ ಬರುತ್ತದೆ, ಕಾಲೇಜಿಗೆ ಬರುವ ಕಂಪೆನಿಯವರು ಸಂದರ್ಶನದಲ್ಲಿ ಏನು ಕೇಳಿದರು, ಅದನ್ನು ಬರೆ. ಎರಡನೇ ಸಲ ಅವಳು ಬರೆದ ಪ್ರಬಂಧದಲ್ಲಿ ಒಂದು ಸಾಲು ಹೀಗಿತ್ತು: ಲ್ಯಾಬಿನಲ್ಲಿ ಹುಡುಗರು ಟೈಪ್ ಮಾಡುತ್ತಾರೆ, ನಾವು ನೋಟ್ಸ್ ಬರೆದುಕೊಳ್ಳುತ್ತೇವೆ. ಬಾಪನಿಗೆ ಓದಿ ಹೇಳಿಯೇ ಕಳಿಸಿದಳು. ಅವರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸುಳ್ಳೇನಿಲ್ಲವಲ್ಲ, ಕಳಿಸು" ಎಂದರಂತೆ.

ಮಕ್ಕಳಿಗೆ ಇಲ್ಲೇ ಒಂದು ಮಾತು. ಈಗ ಯಂತ್ರಕ್ಕೆ ಹೇಳಿದರೆ ಪ್ರಬಂಧ ಬರೆದುಕೊಡುತ್ತದೆ. ಲ್ಯಾಬಿನಲ್ಲಿ ನೋಟ್ಸ್ ಬರೆದುಕೊಂಡವಳು ಯಾರು ಎಂದು ಅದಕ್ಕೆ ಗೊತ್ತಿಲ್ಲ. ಓದುವವರಿಗೆ ಅದು ಎರಡೇ ಸಾಲಿನಲ್ಲಿ ತಿಳಿಯುತ್ತದೆ. ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದವರ ಮಾತು ಇದು, ನಂಬಿ.

ಎರಡನೇ ಮೆಟ್ಟಿಲು ಹೆಚ್ಚು ಕಠಿಣ. ಅದಕ್ಕೆ ಕಾರಣ ಪ್ರೋಗ್ರಾಮಿಂಗ್ ಅಷ್ಟೇ ಅಲ್ಲ. ಪ್ರಶ್ನೆ ಕೇಳುವುದು ಇನ್ನೊಂದು ಕಾರಣ. ಈ ಸಮುದಾಯಗಳಲ್ಲಿ ಎಲ್ಲ ಮಾತುಕತೆ ಎಲ್ಲರಿಗೂ ಕಾಣುವ ಜಾಗದಲ್ಲಿ ನಡೆಯುತ್ತದೆ. ನಮ್ಮ ಮಕ್ಕಳು ತರಗತಿಯಲ್ಲಿ ಕೈ ಎತ್ತದವರು. ಸಂಶಯ ಇದ್ದರೆ ಗಂಟೆ ಹೊಡೆದ ಮೇಲೆ ವರಾಂಡದಲ್ಲಿ ನಿಧಾನಕ್ಕೆ ಕೇಳುವವರು. ಅಂಥವರು ಸಾವಿರ ಜನ ನೋಡುವ ಜಾಗದಲ್ಲಿ, ಅದೂ ಇಂಗ್ಲಿಷಿನಲ್ಲಿ, "ನನಗೆ ಇದು ಗೊತ್ತಾಗಲಿಲ್ಲ" ಎಂದು ಬರೆಯಬೇಕು. ಹುಡುಗಿ ಮೊದಲ ನಾಲ್ಕು ದಿನ ಬರೆಯುವುದು, ಅಳಿಸುವುದು, ಇದನ್ನೇ ಮಾಡಿದಳು.

ಕೇಳುವುದರಲ್ಲಿಯೂ ಕ್ರಮವಿದೆ. ಗಣಿತದ ಮೇಷ್ಟ್ರು ಹೇಳುತ್ತಿದ್ದ ಮಾತು ಇಲ್ಲಿ ಉಪಯೋಗಕ್ಕೆ ಬಂತು. "ಲೆಕ್ಕ ಬರಲ್ಲ ಸಾರ್" ಎಂದು ಬಂದ ಹುಡುಗನಿಗೆ ಅವರು ಏನೂ ಹೇಳುತ್ತಿರಲಿಲ್ಲ. "ಮೂರನೇ ಸಾಲಿನವರೆಗೆ ಬಂತು, ನಾಲ್ಕನೇ ಸಾಲಿನಲ್ಲಿ ಈ ಎರಡು ಎಲ್ಲಿಂದ ಬಂತು ಸಾರ್?" ಎಂದು ಕೇಳಿದವನ ಪಕ್ಕದಲ್ಲಿ ಕೂರುತ್ತಿದ್ದರು. ಅಲ್ಲಿಯೂ ಹಾಗೆಯೇ. "ದಯವಿಟ್ಟು ನನಗೆ ಈ ಕೆಲಸ ಕೊಡಿ ಸರ್" ಎಂದು ಬರೆಯುವವರು ನೂರಾರು. ಅದರಿಂದ ಮಾರ್ಗದರ್ಶಕರಿಗೆ ತಲೆನೋವು. "ನಿಮ್ಮ ಸೂಚನೆಯ ಪ್ರಕಾರ ಮಾಡಿದೆ, ನನ್ನದು ಇಂಥ ಕಂಪ್ಯೂಟರ್, ಐದನೇ ಹಂತದಲ್ಲಿ ಈ ಸಂದೇಶ ಬಂತು, ಇದನ್ನೂ ಇದನ್ನೂ ಪ್ರಯತ್ನಿಸಿದೆ, ಇನ್ನೇನು ನೋಡಬೇಕು?" ಎಂದು ಬರೆದವರಿಗೆ ಉತ್ತರ ಬರುತ್ತದೆ. ನಮ್ಮ ಹುಡುಗಿಗೂ ಬಂತು. ಬರೆದವರು ಬ್ರೆಜಿಲಿನವರು, ಅವರ ಇಂಗ್ಲಿಷಿನಲ್ಲೂ ಎರಡು ತಪ್ಪಿದ್ದವು. ಅದನ್ನು ನೋಡಿದ ಮೇಲೆ ಅವಳ ಅರ್ಧ ಹೆದರಿಕೆ ಹೋಯಿತು.

ಆ ಐದನೇ ಹಂತವೇ ಅವಳ ಮೊದಲ ಕೊಡುಗೆಯಾಯಿತು. ಹಳೆಯ ಲ್ಯಾಪ್‌ಟಾಪಿನಲ್ಲಿ ಅನುಸರಿಸುವಾಗ ಆ ಸೂಚನೆಯಲ್ಲಿ ಒಂದು ಹೆಜ್ಜೆ ಬಿಟ್ಟುಹೋಗಿತ್ತು. ಒಳ್ಳೆಯ ಯಂತ್ರ ಇದ್ದವರಿಗೆ ಅದು ಗೊತ್ತೇ ಆಗಿರಲಿಲ್ಲ. ಅವಳು ಆ ಹೆಜ್ಜೆಯನ್ನು ಸೇರಿಸಿ ತಿದ್ದುಪಡಿ ಕಳಿಸಿದಳು. ಎಲ್ಲ ಸೇರಿ ಮೂರು ಸಾಲು. ಮಕ್ಕಳು ತಿಳಿಯಬೇಕು, ಮೊದಲ ಕೊಡುಗೆ ದೊಡ್ಡದಾಗಿರಬೇಕಿಲ್ಲ. ಓದುವಾಗ ಎಡವಿದ ಜಾಗವನ್ನು ಸರಿಮಾಡಿದರೆ ಅದೂ ಕೊಡುಗೆ. ಪ್ರೋಗ್ರಾಮ್ ಬಾರದವರಿಗೂ ಕೆಲಸವಿದೆ. ಬಳಕೆಯ ಕೈಪಿಡಿ ಬರೆಯುವುದು, ವಿನ್ಯಾಸ, ದತ್ತಾಂಶದ ಕೆಲಸ ಇವೆಲ್ಲ ಔಟ್‌ರೀಚಿಯ ಯೋಜನೆಗಳಲ್ಲಿ ಬರುತ್ತವೆ. ಇಂಟರ್ನ್‌ಶಿಪ್ಪಿನ ಹೊರಗೆ ಕೈ ಪಳಗಿಸಿಕೊಳ್ಳಲು ಕನ್ನಡದಲ್ಲೇ ಬೇಕಾದಷ್ಟಿದೆ. ವಿಕಿಪೀಡಿಯದ ಗುಂಡಿ, ಸಂದೇಶಗಳನ್ನು ಕನ್ನಡಕ್ಕೆ ತರುವ ಕೆಲಸ ಸ್ವಯಂಸೇವಕರೇ ಮಾಡುವುದು. ಒಳ್ಳೆಯ ಕನ್ನಡ ಬಲ್ಲ ಮಗು ಅಲ್ಲಿ ಇಂದೇ ಆರಂಭಿಸಬಹುದು.

ಇನ್ನು ಕೆಂಪು ಶಾಯಿಯ ವಿಷಯ. ಅವಳ ಎರಡನೇ ತಿದ್ದುಪಡಿ, ದಿನಾಂಕ ತಪ್ಪಾಗಿ ಕಾಣಿಸುತ್ತಿದ್ದುದನ್ನು ಸರಿಮಾಡಿದ್ದು, ಹನ್ನೊಂದು ಟಿಪ್ಪಣಿಗಳ ಜೊತೆ ವಾಪಸ್ ಬಂತು. ಅವಳು ಲ್ಯಾಪ್‌ಟಾಪ್ ಮುಚ್ಚಿ ಅಳುತ್ತಾ ಕುಳಿತಳು ಎಂದು ಉಮ್ಮ ಫೋನು ಮಾಡಿದರು. ಅವರಿಗೂ ಹಾಗೆಯೇ ಅನಿಸಿತ್ತು. ಬೀಡಿ ಬ್ರಾಂಚಿನಲ್ಲಿ ಸರಿಯಿಲ್ಲದ ಬೀಡಿ ತೆಗೆದು ಬದಿಗಿಟ್ಟರೆ ಅದು ಹೋಯಿತು, ಅದರ ಮಜೂರಿಯೂ ಹೋಯಿತು. ಶಾಲೆಯಲ್ಲಿ ಕೆಂಪು ಗೆರೆ ಬಿದ್ದರೆ ಅಂಕ ಹೋಯಿತು. ನಮ್ಮ ಮಕ್ಕಳು ಹುಟ್ಟಿದಾಗಿನಿಂದ ಕಂಡದ್ದು ಈ ಎರಡು ಬಗೆಯ ಪರೀಕ್ಷೆ ಮಾತ್ರ. ಅಲ್ಲಿನ ಕ್ರಮ ಬೇರೆ. ಹನ್ನೊಂದು ಟಿಪ್ಪಣಿ ಬರೆದವರು ಅವಳ ಮೂವತ್ತು ಸಾಲನ್ನು ಒಂದು ಗಂಟೆ ಕುಳಿತು ಓದಿದ್ದಾರೆ. ಕೆಲಸ ಬೇಡವಾಗಿದ್ದರೆ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದರು. ಹಳಬರ ಕೆಲಸವೂ ಇದೇ ರೀತಿ ಟಿಪ್ಪಣಿ ಪಡೆದೇ ಒಳಗೆ ಸೇರುವುದು. ನಾವು ಅವಳಿಗೆ ಅದೇ ಯೋಜನೆಯ ಹಳಬರೊಬ್ಬರ ತಿದ್ದುಪಡಿ ತೆಗೆದು ತೋರಿಸು ಎಂದೆವು. ತೆರೆದ ಕಡತ ತಾನೇ, ಎಲ್ಲವೂ ಕಾಣುತ್ತದೆ. ಅದಕ್ಕೆ ಹತ್ತೊಂಬತ್ತು ಟಿಪ್ಪಣಿಗಳಿದ್ದವು. ಉಮ್ಮನಿಗೆ ಎಣಿಸಿ ತೋರಿಸಿದಳಂತೆ.

ಆ ವರ್ಷ ಮಾರ್ಚ್ ಎರಡನೇ ವಾರದಲ್ಲಿ ರಂಜಾನ್ ಬಂತು. ಕೊಡುಗೆಯ ತಿಂಗಳೂ ಅದೇ. ಸಂಜೆ ಇಫ್ತಾರ್ ಅಡುಗೆ, ರಾತ್ರಿ ತರಾವೀಹ್. ಅವಳಿಗೆ ಉಳಿದದ್ದು ಸಹರಿಯ ನಂತರದ ಹೊತ್ತು. ಆ ಹೊತ್ತಿನಲ್ಲಿ ನೆಟ್‌ವರ್ಕ್ ಚೆನ್ನಾಗಿರುತ್ತದೆ ಎಂಬುದು ಒಂದು ಅನುಕೂಲ. ಬೇರೆ ದೇಶದ ಕೆಲವರು ಆಗ ಎಚ್ಚರವಿರುತ್ತಾರೆ ಎಂಬುದು ಇನ್ನೊಂದು. ಉಮ್ಮ ಆ ತಿಂಗಳು ಎಲೆ ಕತ್ತರಿಸುವ ಕೆಲಸದಿಂದ ಅವಳನ್ನು ಬಿಟ್ಟರು. ತಮ್ಮ ಹತ್ತನೇ ತರಗತಿಯ ಪರೀಕ್ಷೆಯ ನಡುವೆಯೂ ನೀರು ತುಂಬಿಸುವ ಕೆಲಸ ವಹಿಸಿಕೊಂಡ. ಆಯ್ಕೆಯಾದದ್ದು ಒಬ್ಬಳೇ ಎಂದು ವರದಿಯಲ್ಲಿ ಬರೆಯುತ್ತೇವೆ. ದುಡಿದದ್ದು ಇಡೀ ಮನೆ.

ಇದೇ ಸಮಯದಲ್ಲಿ ನಮ್ಮ ಇನ್ನೊಬ್ಬ ವಿದ್ಯಾರ್ಥಿ, ಎಂಜಿನಿಯರಿಂಗ್ ಹುಡುಗ, ಗೂಗಲಿನ ಯೋಜನೆಗೆ ಪ್ರಯತ್ನಿಸಿದ. ಅವನ ಎರಡು ಕೊಡುಗೆ ಒಳಗೆ ಸೇರಿದವು, ಪ್ರಸ್ತಾವ ಆಯ್ಕೆಯಾಗಲಿಲ್ಲ. ಅವನನ್ನೂ ಇವತ್ತು ವೇದಿಕೆಗೆ ಕರೆದು ಪುಸ್ತಕ ಕೊಟ್ಟದ್ದು ಯಾಕೆ ಎಂದು ಕೆಲವರು ಕೇಳಿದಿರಿ. ಕೆಲಸ ಇಬ್ಬರದೂ ಒಂದೇ ಬಗೆಯದು. ಮುಂದಿನ ಸುತ್ತಿಗೆ ಅವನು ಮತ್ತೆ ಕುಳಿತಿದ್ದಾನೆ, ಈ ಸಲ ಅದೇ ಸಮುದಾಯದಲ್ಲಿ ಪರಿಚಯಸ್ಥನಾಗಿ.

ಪೋಷಕರು ಕೇಳುವ ಕೆಲವು ವಿಷಯಗಳನ್ನು ಬೇಗ ಹೇಳಿಬಿಡುತ್ತೇವೆ. ಹೆಣ್ಣುಮಕ್ಕಳು ಎಲ್ಲಿಗೂ ಹೋಗಬೇಕಾಗಿಲ್ಲ, ಮನೆಯಿಂದಲೇ ಕೆಲಸ. ಮಾತುಕತೆ ಹೇಗಿರಬೇಕು ಎಂಬುದಕ್ಕೆ ನಡವಳಿಕೆಯ ನಿಯಮಗಳಿವೆ, ಯಾರಾದರೂ ಮೀರಿದರೆ ದೂರು ಕೊಡಬಹುದು. ಕೊಡುಗೆಗಳು ಎಲ್ಲರಿಗೂ ಕಾಣುತ್ತವೆ, ಅದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಕಾಲೇಜು ಬಿಡಬೇಕಾಗಿಲ್ಲ. ಆದರೆ ವಾರಕ್ಕೆ 30 ಗಂಟೆ ಕೆಲಸ ಮಾಡಬೇಕು, ಮತ್ತು ಇಂಟರ್ನ್‌ಶಿಪ್ಪಿನ ನಡುವೆ ಸತತ 49 ದಿನ ತರಗತಿ, ಪರೀಕ್ಷೆ ಇಲ್ಲದೆ ಬಿಡುವಿರಬೇಕು ಎಂಬ ನಿಯಮವಿದೆ. ಹಾಗಾಗಿ ನಮ್ಮ ಕಾಲೇಜು ಮಕ್ಕಳಿಗೆ ಹೊಂದುವುದು ಮೇ ಸುತ್ತು. ಪರೀಕ್ಷಾ ವೇಳಾಪಟ್ಟಿ ಮುಂದೂಡುವ ಅಭ್ಯಾಸ ನಮ್ಮ ವಿಶ್ವವಿದ್ಯಾಲಯಗಳಿಗೆ ಇರುವುದರಿಂದ ಇದನ್ನು ಎರಡು ಸಲ ನೋಡಿಕೊಳ್ಳಿ. ಹಣ ಕಂತುಗಳಲ್ಲಿ ಬರುತ್ತದೆ. ಅದು ಸಂಬಳವಲ್ಲ, ಪಿಎಫ್ ಇಲ್ಲ, ತೆರಿಗೆಯ ಲೆಕ್ಕವನ್ನು ನಾವೇ ಮಾಡಿಕೊಳ್ಳಬೇಕು. ಖಾತೆ ಮಗುವಿನ ಹೆಸರಿನಲ್ಲೇ ಇರಲಿ. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. 'ಫಾತಿಮಾ' ಎಂಬ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ಐದು ರೀತಿ ಬರೆಯುವ ಊರು ನಮ್ಮದು. ಹಣ ಬಂದ ಮೇಲೆ ಓಡಾಡುವುದಕ್ಕಿಂತ ಮೊದಲೇ ಸರಿಮಾಡಿಸುವುದು ಒಳ್ಳೆಯದು.

ಇನ್ನೊಂದು ವಿಷಯವನ್ನು ನಿಧಾನವಾಗಿ ಹೇಳಬೇಕು. ಇಂಟರ್ನ್‌ಶಿಪ್ ಎಂಬ ಹೆಸರಿನಲ್ಲಿ ಈಗ ದೊಡ್ಡ ವ್ಯಾಪಾರ ನಡೆದಿದೆ. ಕಾಲೇಜಿನಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಾದ್ದರಿಂದ ಮಕ್ಕಳು ಸರ್ಟಿಫಿಕೇಟಿಗಾಗಿ ಹಣ ಕಟ್ಟುತ್ತಾರೆ. ನಮ್ಮ ಒಬ್ಬ ವಿದ್ಯಾರ್ಥಿಯಿಂದ "ನೋಂದಣಿ ಶುಲ್ಕ" ಎಂದು ತೆಗೆದುಕೊಂಡವರು ಮಾರನೇ ವಾರ ಫೋನ್ ಎತ್ತಲಿಲ್ಲ. ಆ ಹಣ ಅವನ ಸೆಮಿಸ್ಟರ್ ಫೀಸಾಗಿತ್ತು. ಗುರುತು ಸುಲಭ. ನಾವು ಹೇಳಿದ ಎರಡು ಯೋಜನೆಗಳಲ್ಲಿ ಅರ್ಜಿಗೆ ಶುಲ್ಕವಿಲ್ಲ, ಆಯ್ಕೆಗೆ ಶುಲ್ಕವಿಲ್ಲ, ಅವರೇ ನಮಗೆ ಕೊಡುವುದು. ಯಾರಾದರೂ ಹಣ ಕೇಳಿದರೆ, "ಔಟ್‌ರೀಚಿಗೆ ಸೇರಿಸಿಕೊಡುತ್ತೇವೆ" ಎಂದರೆ, ಒಂದು ರೂಪಾಯಿಯನ್ನೂ ಕೊಡದೆ ಮೊದಲು ನಮ್ಮ ಕಚೇರಿಗೆ ಬನ್ನಿ.

ದಾನಿಗಳಲ್ಲಿ ಹಿರಿಯರೊಬ್ಬರು ನೇರವಾಗಿಯೇ ಕೇಳಿದ್ದಾರೆ. "ಫೀಸು ಕಟ್ಟಲಾಗದ ಮಕ್ಕಳು ಇನ್ನೂ ಸಾಲಿನಲ್ಲಿರುವಾಗ ಲ್ಯಾಪ್‌ಟಾಪಿಗೆ ಹಣ ಯಾಕೆ ಟೀಚರೇ? ಆಯ್ಕೆಯಾಗುವ ಖಾತ್ರಿಯೂ ಇಲ್ಲ." ಅವರ ಮಾತನ್ನು ನಾವು ಗೌರವಿಸುತ್ತೇವೆ. ಫೀಸಿನ ಬಾಬ್ತಿನಿಂದ ಇದಕ್ಕೆ ಒಂದು ರೂಪಾಯಿಯೂ ಹೋಗುವುದಿಲ್ಲ. ಇದಕ್ಕೆಂದೇ ಕೊಟ್ಟವರ ಹಣ ಮಾತ್ರ ಇದಕ್ಕೆ. ಲ್ಯಾಪ್‌ಟಾಪ್ ದಾನವಲ್ಲ, ಎರವಲು. ಒಬ್ಬರಾದ ಮೇಲೆ ಇನ್ನೊಬ್ಬರಿಗೆ ಹೋಗುತ್ತದೆ. ಖಾತ್ರಿಯ ವಿಷಯ ಮಾತ್ರ ನಾವು ಒಪ್ಪುವುದಿಲ್ಲ. ಪಿಯುಸಿಗೆ ಫೀಸು ಕೊಡುವಾಗ ಪಾಸಾಗುವ ಖಾತ್ರಿ ಕೇಳುತ್ತೇವೆಯೇ? ಆಯ್ಕೆಯಾದವರಿಗೆ ಮಾತ್ರ ನೆರವು ಎಂದು ಇಟ್ಟರೆ ನೆರವೇ ಬೇಡದ ಹೊತ್ತಿಗೆ ಕೊಟ್ಟಂತೆ. ಆಯ್ಕೆಯಾದ ಮೇಲೆ ಆ ಮಗುವಿಗೆ ಡಾಲರು ಬರುತ್ತದೆ, ನಮ್ಮ ಹಣ ಬೇಕಾಗುವುದು ಅದರ ಹಿಂದಿನ ತಿಂಗಳು. ಆದ್ದರಿಂದ ಸಮಿತಿ ಕೇಳುವುದು ಫಲಿತಾಂಶವನ್ನಲ್ಲ, ಕೆಲಸದ ಕುರುಹನ್ನು. ಮಗು ಏನು ಕೇಳಿತು, ಏನು ಕಳಿಸಿತು, ಏನು ತಿದ್ದಿತು, ಎಲ್ಲ ತೆರೆದಿರುವುದರಿಂದ ದಾನಿಗಳು ತಮ್ಮ ಮನೆಯಲ್ಲಿ ಕುಳಿತೇ ನೋಡಬಹುದು. ನಮ್ಮ ಬೇರೆ ಯಾವ ಬಾಬ್ತಿನಲ್ಲಿಯೂ ಇಷ್ಟು ಪಾರದರ್ಶಕ ಲೆಕ್ಕ ನಾವು ಕೊಟ್ಟಿಲ್ಲ ಎಂದು ಖಜಾಂಚಿಯವರ ಕ್ಷಮೆ ಕೋರಿ ಹೇಳುತ್ತೇವೆ.

ಆ ಹುಡುಗಿ ಮೇ ಕೊನೆಯಿಂದ ಆಗಸ್ಟ್‌ವರೆಗೆ ಕೆಲಸ ಮುಗಿಸಿದಳು. ಮಳೆಗಾಲದಲ್ಲಿ ಕರೆಂಟ್ ಹೋದಾಗ ಪಕ್ಕದ ಮದ್ರಸದ ಇನ್ವರ್ಟರಿಗೆ ವೈರು ಎಳೆದು ಕುಳಿತಿದ್ದಾಳೆ. ಬಂದ ಹಣದಲ್ಲಿ ಮೊದಲು ಮನೆಯ ಸಾಲ ತೀರಿಸಿದರು. ಟ್ರಸ್ಟಿನ ಲ್ಯಾಪ್‌ಟಾಪ್ ವಾಪಸ್ ತಂದು ಕೊಟ್ಟಳು, ಈಗ ಅದು ಇನ್ನೊಬ್ಬಳ ಬಳಿ ಇದೆ. ಉಮ್ಮ ಬೀಡಿ ಬಿಟ್ಟಿಲ್ಲ. "ಮೂರು ತಿಂಗಳ ದುಡ್ಡು ಮೂರು ತಿಂಗಳಿಗೆ" ಎನ್ನುತ್ತಾರೆ. ಅದೂ ಸರಿಯೇ. ಇಂಟರ್ನ್‌ಶಿಪ್ ಕೆಲಸವಲ್ಲ, ಅದು ಮುಗಿಯುತ್ತದೆ. ಹುಡುಗಿ ಈಗ ಎಂಸಿಎ ಸೇರಿದ್ದಾಳೆ, ಶನಿವಾರ ಬಂದು ಹೊಸಬರಿಗೆ ಹೇಳಿಕೊಡುತ್ತಾಳೆ.

ಹೊಸ ನೆರವಿಗೆ ಅರ್ಜಿ ನಮೂನೆ ಕಚೇರಿಯಲ್ಲಿದೆ. ಪದವಿ, ಡಿಪ್ಲೊಮಾ, ಎಂಜಿನಿಯರಿಂಗ್ ಯಾವುದೇ ಆಗಲಿ, 18 ತುಂಬಿರಬೇಕು. ಅಂಕಪಟ್ಟಿ ಲಗತ್ತಿಸಬೇಕಾಗಿಲ್ಲ. ಅದರ ಬದಲು ಯಾವುದಾದರೂ ಒಂದು ತೆರೆದ ಯೋಜನೆಯ ಸೂಚನೆಯನ್ನು ಓದಿ, ಎಲ್ಲಿ ಅರ್ಥವಾಗಲಿಲ್ಲ ಎಂದು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಒಂದು ಪುಟ ಬರೆದು ತನ್ನಿ. ಮೇ ಸುತ್ತಿಗೆ ಪ್ರಾಥಮಿಕ ಅರ್ಜಿ ವರ್ಷದ ಆರಂಭದಲ್ಲೇ ಇರುವುದರಿಂದ ನಮ್ಮ ಕಚೇರಿಗೆ ಡಿಸೆಂಬರ್ ಒಳಗೆ ಬರಬೇಕು. ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಫಲಕದಲ್ಲಿ ಹಾಕುತ್ತೇವೆ. ಕಚೇರಿಯ ಹಿಂದಿನ ಕೋಣೆಯಲ್ಲಿ ಮೇಜು, ಇಂಟರ್ನೆಟ್, ಇನ್ವರ್ಟರ್ ಇಟ್ಟಿದ್ದೇವೆ. ಅಸರ್‌ನಿಂದ ಇಶಾವರೆಗೆ ತೆರೆದಿರುತ್ತದೆ. ಹೆಣ್ಣುಮಕ್ಕಳ ಜೊತೆ ತಾಯಂದಿರು ಬಂದರೆ ಕೂರಲು ಜಾಗವಿದೆ. ಗೆರಸೆಯನ್ನೂ ತರಬಹುದು.